ಪಿನ್ನು ಇಳಿಯುವ ಹೊತ್ತು

ಗುರುವಾರ, ಹದಿನಾಲ್ಕನೇ ತಾರೀಕು
ಮಧ್ಯಾಹ್ನ ಉಂಡ ಮೇಲೆ

ನನ್ನ ಪಾಪಚ್ಚಿಗೆ,

ಅಜ್ಜಿಯ ಆಶೀರ್ವಾದ. ನಾನು ಬದುಕಿದ್ದೇನೆ, ನನ್ನ ಮಂಡಿ ಬದುಕಿಲ್ಲ. ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದೀಯ ಎಂದುಕೊಂಡಿದ್ದೇನೆ. ನರ್ಸು ಓದುವವರೇ ಒಣಗಿದ ಕಡ್ಡಿಯ ಹಾಗಿದ್ದರೆ ರೋಗಿಗಳು ಯಾರನ್ನು ನೋಡಿ ಧೈರ್ಯ ತಂದುಕೊಳ್ಳಬೇಕು?

ಅಜ್ಜಿ ಯಾಕೆ ಕಾಗದ ಬರೆದಳು, ಫೋನಿರಲಿಲ್ಲವೇ ಎಂದು ಕೇಳುತ್ತೀಯ. ಮನೆಯಲ್ಲಿರುವ ಒಂದು ಫೋನು ನಿಮ್ಮಮ್ಮನದು. ಅದು ಅವಳನ್ನು ಬಿಟ್ಟು ಇಳಿಯುವುದಿಲ್ಲ. ಇಳಿದರೂ ನನ್ನ ಕಿವಿ ನಿನಗೆ ಗೊತ್ತಲ್ಲ, ಆ ಕಡೆಯವರ ಮಾತು ಕೇಳದೆ ಕಿರುಚುತ್ತೇನೆ. ನಾನು ಕಿರುಚಿದರೆ ಕೆಳಗಿನ ಲಾಂಡ್ರಿಯವಳು ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಕಿವಿ ಕೊಡುತ್ತಾಳೆ. ಇದು ಅವಳ ಅಂಗಡಿಯಲ್ಲಿ ಒಗೆಸುವ ವಿಷಯವಲ್ಲ. ಮೂರನೇ ಕ್ಲಾಸಿಗೆ ನಿಂತ ಕೈ ನನ್ನದು. ಅಕ್ಷರ ಕೋಳಿ ಕೆದರಿದಂತೆ ಕಂಡರೆ ನಗದೆ, ಒಂದೊಂದೇ ಹೆಕ್ಕಿಕೊಂಡು ಓದು.

ವಿಷಯ ಇಷ್ಟು. ಬರುವ ಸೋಮವಾರ ಬೆಳಗ್ಗೆ ಎಂಟಕ್ಕೆ ನಿಮ್ಮಮ್ಮ ಕಾಲೇಜಿನ ಶೆಡ್ಡಿಗೆ ಹೋಗಬೇಕು. ಹೋಗುವುದಿಲ್ಲ ಅನ್ನುತ್ತಿದ್ದಾಳೆ. ಹೋಗದಿದ್ದರೆ ಎರಡು ವರ್ಷ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆ ಹಿಂಡಿದ ಹಾಗೆ. ಪಂಪು ತಯಾರಿಸುವ ಕಾರ್ಖಾನೆಯವರು ಕೊಟ್ಟಿರುವ ಎರಡನೇ ಅವಕಾಶ ಅದು, ಮೂರನೆಯದು ಇಲ್ಲವಂತೆ. ಇವಳೋ, ಮೊನ್ನೆ ಮಂಗಳವಾರವೇ ಸಮವಸ್ತ್ರ ಹೊಲಿಯುವ ಶೆಡ್ಡಿಗೆ ಹೋಗಿ ಗುಂಡಿ ಹಾಕುವ ಕೆಲಸ ಕೇಳಿ ಬಂದಿದ್ದಾಳೆ. ಅವರೂ ಸೋಮವಾರದಿಂದಲೇ ಬಾ ಅಂದಿದ್ದಾರೆ. ನೀನು ಅವಳನ್ನು ಕಾಲೇಜಿನ ಕಡೆಗೆ ತಿರುಗಿಸಬೇಕು. ನಾನು ಹೇಳಿದರೆ ಆಗುವುದಿಲ್ಲವೇ ಅಂದರೆ, ಆಗುವುದಿಲ್ಲ. ಯಾಕೆ ಅನ್ನುವುದನ್ನು ಬರೆಯುವುದಕ್ಕೇ ಕೂತಿದ್ದೇನೆ.

ನೀನು ಊರು ಬಿಟ್ಟಾಗ ಶರ್ಟಿನ ಕಾರ್ಖಾನೆ ಆಗಷ್ಟೇ ಮುಚ್ಚಿತ್ತು. ಇಪ್ಪತ್ತೊಂದು ವರ್ಷ ಕಾಲರು ಹೊಲಿದವಳು ಒಂದು ಬೆಳಗ್ಗೆ ಡಬ್ಬಿ ಹಿಡಿದು ಹೋದರೆ ಗೇಟಿಗೆ ಬೀಗ. ಆಮೇಲೆ ಕಮ್ಯುನಿಟಿ ಕಾಲೇಜಿನವರು ಕೆಲಸ ಕಳೆದುಕೊಂಡವರಿಗೆಂದು ಗೋಡೆಗೆ ನೋಟೀಸು ಅಂಟಿಸಿದರು. ಹೊಲಿಗೆ, ಅಡುಗೆ, ಕಂಪ್ಯೂಟರು ಎಲ್ಲ ಇದ್ದವು. ಇವಳು ಬೆರಳಿಟ್ಟದ್ದು ಕಬ್ಬಿಣ ಕೊರೆಯುವ ಕೋರ್ಸಿನ ಮೇಲೆ. ಅದಕ್ಕೆ ನಿಖರ ಯಂತ್ರಗಾರಿಕೆ ಎಂದು ದೊಡ್ಡ ಹೆಸರು. ನಾನು ಸುಮ್ಮನಿರುತ್ತೇನೆಯೇ? "ನಲವತ್ನಾಲ್ಕು ವರ್ಷದ ಹೆಂಗಸು ಮೀಸೆ ಚಿಗುರದ ಹುಡುಗರ ಪಕ್ಕ ನಿಂತ್ಕೊಳ್ತೀಯಾ? ಹಿಡಿದದ್ದೆಲ್ಲ ಒಡೆಯೋ ಕೈ ನಿಂದು. ಇನ್ನು ಕಬ್ಬಿಣ ಒಂದು ಬಾಕಿ ಇತ್ತು, ಹೋಗು," ಅಂದೆ. "ಕಬ್ಬಿಣ ಒಡೆಯಲ್ಲಮ್ಮ. ಅದಕ್ಕೇ ಹೋಗ್ತಿದ್ದೀನಿ," ಅಂದಳು ನಿಮ್ಮಮ್ಮ.

ಒಡಕುಗೈ ಎಂದು ಅವಳಿಗೆ ಹೆಸರಿಟ್ಟವಳು ನಾನೇ. ಐದು ವರ್ಷದವಳಿದ್ದಾಗ ಗಾಜಿನ ಲೋಟ, ಮಣ್ಣಿನ ಕುಡಿಕೆ, ನನ್ನ ಕನ್ನಡಿ, ಯಾವುದೂ ಅವಳ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ತಮಾಷೆಗೆ ಅಂದದ್ದು ಬೀದಿಯವರ ಬಾಯಿಗೆ ಹೋಯಿತು, ಗಂಡನ ಮನೆಯವರೆಗೂ ಹೋಯಿತು. ನಿಮ್ಮಪ್ಪನೂ, ಅವನ ಆತ್ಮಕ್ಕೆ ಶಾಂತಿ ಸಿಗಲಿ, ಚಹಾದ ಕಪ್ಪು ಕೊಡುವಾಗ "ಒಡಕುಗೈ, ಎರಡೂ ಕೈಲಿ ಹಿಡ್ಕೋ," ಅನ್ನುತ್ತಿದ್ದ. ಅವಳು ನಗುತ್ತಿದ್ದಳು. ನಗುತ್ತಾಳಲ್ಲ, ಬೇಜಾರಿಲ್ಲ ಎಂದುಕೊಂಡಿದ್ದೆ.

ಮೊದಲ ಆರು ತಿಂಗಳು ಅವಳ ಬೆರಳುಗಳನ್ನು ನೋಡುವಂತಿರಲಿಲ್ಲ. ಕಬ್ಬಿಣದ ಸಿಬಿರುಗಳನ್ನು ನಾನೇ ಕನ್ನಡಕ ಹಾಕಿಕೊಂಡು ಸೂಜಿಯಲ್ಲಿ ತೆಗೆಯುತ್ತಿದ್ದೆ, ತೆಗೆಯುವಷ್ಟು ಹೊತ್ತೂ ಬೈಯುತ್ತಿದ್ದೆ. ಚಪ್ಪಲಿಯ ಅಡಿಯಲ್ಲಿ ಉಕ್ಕಿನ ಸುರುಳಿಗಳು ಅಂಟಿಕೊಂಡು ಬಂದು ನೆಲವೆಲ್ಲ ಗೀರು. ಕೂದಲಿನಲ್ಲಿ ಎಣ್ಣೆಯ ವಾಸನೆ, ತಲೆಗೆ ಹಚ್ಚುವ ಎಣ್ಣೆಯದಲ್ಲ. ಊಟದ ಮೇಜಿನ ಮೇಲೆ ನಕ್ಷೆ ಹರಡಿ ದಶಾಂಶದ ಲೆಕ್ಕ ಮಾಡುತ್ತ, ಬಾಯಲ್ಲಿ ಪೆನ್ಸಿಲ್ ಕಚ್ಚಿಕೊಂಡು ಕೂತರೆ ಥೇಟ್ ನೀನು ಏಳನೇ ಕ್ಲಾಸಿನಲ್ಲಿ ಕೂತ ಹಾಗೆ.

ಒಂದು ದಿನ ಮೈಕ್ರೋಮೀಟರು ಅನ್ನುವ ಅಳತೆಯ ಉಪಕರಣವನ್ನು ಮೇಷ್ಟ್ರನ್ನು ಕೇಳಿ ಮನೆಗೆ ತಂದಿದ್ದಳು. ನನ್ನ ತಲೆಯಿಂದ ಒಂದು ಕೂದಲು ಕಿತ್ತು, ಅದರ ಎರಡು ದವಡೆಗಳ ನಡುವೆ ಇಟ್ಟು, ತಿರುಪನ್ನು ಬೆರಳ ತುದಿಯಲ್ಲಿ ಟಿಕ್ ಟಿಕ್ ತಿರುಗಿಸಿ ಓದಿದಳು. ನಾವು ಪಿನ್ನಿನಲ್ಲಿ ತಪ್ಪಬಹುದಾದದ್ದು ಈ ಕೂದಲಿನ ಹತ್ತರಲ್ಲಿ ಒಂದು ಪಾಲು, ಅದಕ್ಕಿಂತ ಹೆಚ್ಚಾದರೆ ಕಸದ ಡಬ್ಬಿಗೆ ಎಂದು ವಿವರಿಸಿದಳು. "ಇಷ್ಟು ಸಣ್ಣದನ್ನ ಅಳೆದು ಏನ್ ಮಾಡ್ತೀರೇ?" ಅಂದೆ. "ನಿನ್ನ ನಾಲಿಗೆ ಅಳೆಯೋ ಆಸೆ ಇತ್ತಮ್ಮ. ಅದು ಈ ಬಾಯಿಗೆ ಹಿಡಿಸಲ್ಲ," ಅಂದಳು. ಇಬ್ಬರೂ ಎಷ್ಟು ನಕ್ಕೆವೆಂದರೆ ಮೇಲಿನ ಮನೆಯವರು ನೆಲ ಕುಟ್ಟಿದರು.

ಇರಲಿ, ಪಿನ್ನಿಗೆ ಬರುತ್ತೇನೆ. ಪಿನ್ನು ಅಂದರೆ ನೀನು ತಲೆಗೆ ಸಿಕ್ಕಿಸಿಕೊಳ್ಳುವುದಲ್ಲ. ಹೆಬ್ಬೆರಳಿನಷ್ಟು ದಪ್ಪ, ಕಿರುಬೆರಳಿನಷ್ಟು ಉದ್ದದ ಉಕ್ಕಿನ ತುಂಡು. ಅದಕ್ಕೆ ಜೊತೆಯಾಗಿ ದಪ್ಪ ಗೋಡೆಯ ಒಂದು ಕೊಳವೆ. ಕೋರ್ಸಿನ ಕೊನೆಗೆ ಪ್ರತಿಯೊಬ್ಬರೂ ಇಂಥ ಒಂದು ಜೋಡಿ ಮಾಡಬೇಕು. ಕಾರ್ಖಾನೆಯಿಂದ ಆಯ್ಕೆಗೆ ಬರುವವನು ಅಂಕ ಕೇಳುವುದಿಲ್ಲ, ವಯಸ್ಸು ಕೇಳುವುದಿಲ್ಲ. ಕೊಳವೆಯ ತಳದ ಸಣ್ಣ ತೂತನ್ನು ಹೆಬ್ಬೆರಳಲ್ಲಿ ಒತ್ತಿ ಮುಚ್ಚಿ, ಪಿನ್ನನ್ನು ಮೇಲಿನಿಂದ ಬಿಡುತ್ತಾನೆ. ಅಳತೆ ಸರಿಯಿದ್ದರೆ ಒಳಗಿನ ಗಾಳಿಗೆ ಹೊರಗೆ ಬರಲು ದಾರಿ ಸಾಲದೆ ಪಿನ್ನು ತಡೆದು ತಡೆದು ಇಳಿಯುತ್ತದೆ. ಅವನು ಬಾಯಲ್ಲಿ ಎಣಿಸುತ್ತಾನೆ. ಎಂಟಕ್ಕೆ ತಳ ಮುಟ್ಟಿದರೆ ಕೆಲಸ. ನಾಲ್ಕರ ಒಳಗೆ ಬಿದ್ದರೆ ಮನೆಗೆ. ಅಷ್ಟೇ ಪರೀಕ್ಷೆ.

ನಿಮ್ಮಮ್ಮನ ಪಿನ್ನು ಕಾಲೇಜಿನಲ್ಲಿ, ಮೇಷ್ಟ್ರ ಕಣ್ಣೆದುರೇ ಎಂಟಕ್ಕೆ ಇಳಿಯಿತು. ಮಾರನೆಯ ದಿನದಿಂದ ನಾಲ್ಕು ದಿನ ಶೆಡ್ಡಿಗೆ ಬಣ್ಣ ಬಳಿಯುವ ಕೆಲಸವಿತ್ತು. ಬಣ್ಣದ ದೂಳು ಕೂರಬಾರದೆಂದು ಅವರವರ ಜೋಡಿಯನ್ನು ಅವರವರ ಮನೆಗೆ ಕೊಟ್ಟು ಕಳಿಸಿದರು. ಆಯ್ಕೆಯ ದಿನದವರೆಗೆ ಬಿಚ್ಚಬಾರದು, ಹಾಕಿ ನೋಡಬಾರದು ಎಂದು ಕಟ್ಟಪ್ಪಣೆ. ಇವಳು ಎಣ್ಣೆಕಾಗದದಲ್ಲಿ ಸುತ್ತಿ, ತಗಡಿನ ಡಬ್ಬಿಯಲ್ಲಿಟ್ಟು, ಅದನ್ನು ಬೀರುವಿನಲ್ಲಿ ಸೀರೆಗಳ ನಡುವೆ ಮಗುವನ್ನು ಮಲಗಿಸಿದ ಹಾಗೆ ಇಟ್ಟಳು. "ಅಮ್ಮ, ಬರಿಗೈಲಿ ಮುಟ್ಟಬೇಡ. ಬೆವರು ಉಕ್ಕನ್ನ ತಿನ್ನುತ್ತೆ," ಅಂದಳು. "ನನ್ನ ಬೆವರೇನು ಹಾವಿನ ವಿಷವೇ?" ಅಂದೆ.

ಆಯ್ಕೆ ಕಳೆದ ಶನಿವಾರ. ಅಂದು ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದಳು. ಮಧ್ಯಾಹ್ನ ಬಂದವಳು ಚಪ್ಪಲಿ ಕಳಚಿ, "ಬಿತ್ತಮ್ಮ," ಅಂದಳು. ಅಷ್ಟೇ. ಊಟ ಮಾಡಿದಳು, ಪಾತ್ರೆ ತೊಳೆದಳು, ಒಣಗಿದ ಬಟ್ಟೆ ಮಡಚಿದಳು. ಏನಾಯಿತೆಂದು ನನಗೆ ಪೂರ್ತಿ ತಿಳಿದದ್ದು ನಿನ್ನೆ, ಮೇಷ್ಟ್ರು ಮನೆಗೆ ಬಂದಾಗ. ಹನ್ನೊಂದು ಜನರಲ್ಲಿ ಇವಳದು ಆರನೆಯದಂತೆ. ಆಯ್ಕೆಯವನು ಪಿನ್ನು ಬಿಟ್ಟ. "ಒಂದು" ಅನ್ನುವಷ್ಟರಲ್ಲಿ ಟಣ್ ಎಂದು ತಳಕ್ಕೆ ಬಿತ್ತು. ಅವನು ಮತ್ತೆ ಬಿಟ್ಟ, ಮತ್ತೆ ಟಣ್. ಶೆಡ್ಡಿನಲ್ಲಿ ಎಲ್ಲರಿಗೂ ಕೇಳಿಸಿತಂತೆ. ಹೊಸ ಬಣ್ಣದ ಖಾಲಿ ಗೋಡೆ ನೋಡು, ಸದ್ದು ದೊಡ್ಡದಾಗಿಯೇ ಇರುತ್ತದೆ.

ಆ ಆಯ್ಕೆಯವನ ಕೈಯೇ ಸರಿಯಿಲ್ಲ ಎಂದು ನನ್ನ ಲೆಕ್ಕ. ಮುದುಕನಂತೆ, ಹೆಬ್ಬೆರಳು ನಡುಗಿದರೆ ಗಾಳಿ ಸೋರುವುದಿಲ್ಲವೇ? ಮೇಲೆ ಫ್ಯಾನು ಬೇರೆ ತಿರುಗುತ್ತಿತ್ತಂತೆ. ಪಿನ್ನುಗಳನ್ನು ಮನೆಗೆ ಕಳಿಸಿದ ಕಾಲೇಜಿನವರಿಗೆ ಏನನ್ನಬೇಕು? ಪರೀಕ್ಷೆಗೆ ನಾಲ್ಕು ದಿನ ಇರುವಾಗ ಗೋಡೆಗೆ ಬಣ್ಣ ಬಳಿಯಿರಿ ಎಂದು ಯಾವ ಶಾಸ್ತ್ರ ಹೇಳುತ್ತದೆ?

ಪಾಪಚ್ಚಿ, ಇಲ್ಲಿವರೆಗೆ ಬರೆದದ್ದನ್ನು ಓದಿ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಿದೆ ನನ್ನ ಬರಹ. ಫ್ಯಾನನ್ನೂ ಬೈದೆ, ಗೋಡೆಯನ್ನೂ ಬೈದೆ. ಇನ್ನು ಬೈಯಲು ಉಳಿದವಳು ಒಬ್ಬಳೇ.

ಬಣ್ಣದ ವಾರದ ಬುಧವಾರ ನಿಮ್ಮಮ್ಮ ಸಾಮಾನು ತರಲು ಹೋಗಿದ್ದಳು. ನಾನು ಹಾಸಿಗೆಯ ಹೊದಿಕೆ ಕೊಡಲು ಲಾಂಡ್ರಿಗೆ ಇಳಿದೆ. ಅಲ್ಲಿ ಲಾಂಡ್ರಿಯವಳ ಸೊಸೆಯ ಪುರಾಣ ನಡೆದಿತ್ತು. ಸೊಸೆ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತು ಗುಂಡಿ ಒತ್ತುತ್ತಾಳಂತೆ, ತಣ್ಣನೆಯ ಕೋಣೆಯಂತೆ, ಮಧ್ಯಾಹ್ನ ಕಾಫಿ ಕೂತಲ್ಲಿಗೇ ಬರುತ್ತದಂತೆ. ಆಮೇಲೆ ಲಾಂಡ್ರಿಯವಳು ನನ್ನ ಕಡೆ ತಿರುಗಿ, "ನಿಮ್ ಒಡಕುಗೈ ಇನ್ನೂ ಕಬ್ಬಿಣ ಕುಟ್ತಾ ಇದ್ದಾಳಾ ಅಜ್ಜಿ?" ಅಂದಳು. ನಾನಿಟ್ಟ ಹೆಸರು ಅವಳ ಬಾಯಲ್ಲಿ ಕೇಳಿದಾಗ ನನಗೆ ಮೈ ಉರಿಯಿತು. "ಇರು, ಬಂದೆ," ಅಂದು ಆ ಮಂಡಿ ಹೊತ್ತುಕೊಂಡು ಮೆಟ್ಟಿಲು ಹತ್ತಿ, ಡಬ್ಬಿ ತಂದೆ.

ಇಸ್ತ್ರಿಯ ಮೇಜಿನ ಮೇಲೆ ಬಿಚ್ಚಿದೆ. ನಿಮ್ಮಮ್ಮ ಬಾಯಲ್ಲಿ ಹೇಳಿದ್ದನ್ನೆಲ್ಲ ಹಾಗೆಯೇ ಮಾಡಿದೆ. ತಳಕ್ಕೆ ಹೆಬ್ಬೆರಳು ಒತ್ತಿದೆ, ಪಿನ್ನು ಬಿಟ್ಟೆ. ಪಾಪಚ್ಚಿ, ನೀನು ನೋಡಬೇಕಿತ್ತು. ಬಸುರಿ ಹೆಂಗಸು ಮೆಟ್ಟಿಲು ಇಳಿದ ಹಾಗೆ ಇಳಿಯಿತು. ನಾನು ಎಣಿಸಿದೆ, ಮೂರರಿಂದ ಲಾಂಡ್ರಿಯವಳೂ ಸೇರಿಕೊಂಡಳು, ಐದರಿಂದ ಬಟ್ಟೆ ತಗೊಳ್ಳಲು ಬಂದಿದ್ದ ದರ್ಜಿಯೂ ಸೇರಿಕೊಂಡ. ಎಂಟಕ್ಕೆ ತಳ ಮುಟ್ಟಿತು. ಸದ್ದೇ ಇಲ್ಲ. "ಇದೇನು ಮಂತ್ರ ಅಜ್ಜಿ!" ಅಂದ ದರ್ಜಿ. ಅವನು ಹಿಡಿದು ನೋಡಿದ, ಲಾಂಡ್ರಿಯವಳು ಆವಿಯಲ್ಲಿ ಒದ್ದೆಯಾದ ಕೈಯಲ್ಲಿ ಹಿಡಿದು ನೋಡಿದಳು, ಅವಳ ಗಂಡನನ್ನೂ ಕರೆದು ತೋರಿಸಿದೆ. ಆಗ ನಾನೊಂದು ಮಾತು ಅಂದೆ: "ಇದು ನನ್ನ ಮಗಳ ಕೈ." ನಲವತ್ತಾರು ವರ್ಷದಲ್ಲಿ ಮೊದಲ ಸಲ ಅಂದೆ, ಅದೂ ಲಾಂಡ್ರಿಯವಳ ಹತ್ತಿರ.

ಮತ್ತೆ ಸುತ್ತಿ ಇದ್ದಲ್ಲೇ ಇಟ್ಟೆ. ಮನಸ್ಸಿಗೆ ಏನೋ ಕಿರಿಕಿರಿ. ಶುಕ್ರವಾರ ಇವಳು ಸ್ನಾನಕ್ಕೆ ಹೋದಾಗ ಡಬ್ಬಿ ತೆರೆದು ನೋಡಿದೆ. ಪಿನ್ನಿನ ಮೇಲೆ ಕಿತ್ತಳೆ ಬಣ್ಣದ ಮಚ್ಚೆಗಳು. ಒಂದಂತೂ ಬೆರಳಚ್ಚು, ಗೆರೆ ಗೆರೆಯಾಗಿ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಹಾಗೆ. ಯಾರದ್ದು ಎಂದು ಕೇಳಬೇಡ. ನನ್ನದೇ ಇರಬೇಕು.

ಪಾತ್ರೆಗೆ ತುಕ್ಕು ಹಿಡಿದರೆ ಹೆಂಗಸು ಏನು ಮಾಡುತ್ತಾಳೆ? ಅದನ್ನೇ ಮಾಡಿದೆ. ಇವಳು ಸ್ನಾನ ಮುಗಿಸಿ ನಿನಗೆ ಫೋನು ಮಾಡುತ್ತ ತಾರಸಿಗೆ ಹೋದಳಲ್ಲ, ಅರ್ಧ ಗಂಟೆ ಮಾತಾಡಿದಿರಿ ನೀವಿಬ್ಬರೂ, ಆ ಅರ್ಧ ಗಂಟೆ. ನಿಂಬೆಹಣ್ಣಿನ ಹೋಳಿಗೆ ಪಾತ್ರೆಪುಡಿ ಹಚ್ಚಿ ಉಜ್ಜಿದೆ. ಮಚ್ಚೆ ಹೋಗಲಿಲ್ಲ. ತಂತಿಯ ನಾರು ತಗೊಂಡೆ. ತಳ ಹಿಡಿದ ಪಾತ್ರೆಯನ್ನು ಉಜ್ಜುವಂತೆ, ಹಲ್ಲು ಕಚ್ಚಿ, ಮೈಯೆಲ್ಲ ಬೆವೆತು ಉಜ್ಜಿದೆ. ಹೊಸ ನಾಣ್ಯದ ಹಾಗೆ ಹೊಳೆಯಿತು. ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ, ಮಡಿಕೆ ತಪ್ಪದಂತೆ ಅದೇ ಕಾಗದದಲ್ಲಿ ಸುತ್ತಿದೆ. ಕೊಳವೆಗೆ ಹಾಕಿ ನೋಡಲಿಲ್ಲ. ಹೊಳೆಯುತ್ತಿದೆಯಲ್ಲ, ಸಾಕು ಎಂದುಕೊಂಡೆ. ಎಪ್ಪತ್ತಾರು ವರ್ಷ ಹೊಳೆಯುವುದೇ ಚೊಕ್ಕಟ ಎಂದು ತಿಳಿದು ಬಾಳಿದವಳು ನಾನು. ಕೂದಲಿನ ಹತ್ತನೇ ಪಾಲು ಎಂದು ಅವಳು ಹೇಳಿದ್ದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಈಗ ನಿಮ್ಮಮ್ಮ ಏನು ತಿಳಿದಿದ್ದಾಳೆ ಕೇಳು. ಅವರ ಕೆಲಸದಲ್ಲಿ ಹೊಸಬರು ಮಾಡುವ ಮೊದಲ ತಪ್ಪು ಒಂದಿದೆಯಂತೆ. ಯಂತ್ರದಿಂದ ತೆಗೆದ ಉಕ್ಕು ಬಿಸಿಯಾಗಿರುತ್ತದೆ, ಬಿಸಿಯಾದದ್ದು ಉಬ್ಬಿರುತ್ತದೆ. ತಣ್ಣಗಾಗುವ ಮೊದಲೇ ಅಳೆದರೆ ಸರಿಯಾದ ಅಳತೆ ತೋರಿಸಿ ಮೋಸ ಮಾಡುತ್ತದೆ, ಆಮೇಲೆ ಕುಗ್ಗುತ್ತದೆ. ಶನಿವಾರ ಟಣ್ ಎಂದು ಬಿದ್ದ ಮೇಲೆ ಇವಳು ಅಳೆದು ನೋಡಿದಳು, ಪಿನ್ನು ಸಣ್ಣದಾಗಿತ್ತು. ತಾನು ಬಿಸಿಯಲ್ಲೇ ಅಳೆದಿದ್ದೆ, ಮೇಷ್ಟ್ರ ಮುಂದೆ ಇಳಿಸಿದ್ದೂ ಬಿಸಿಯಿದ್ದಾಗಲೇ ಎಂದು ತೀರ್ಮಾನಿಸಿದಳು. ಪಿನ್ನನ್ನು ಅಲ್ಲೇ ರದ್ದಿಯ ಡಬ್ಬಿಗೆ ಎಸೆದಳು. ಸೋಮವಾರ ರದ್ದಿಯ ಲಾರಿ ಬಂದು ಒಯ್ದಿತು. ಪಿನ್ನು ತಣ್ಣಗಿದ್ದಾಗಲೂ, ಎರಡು ದಿನ ಕಳೆದ ಮೇಲೂ ಎಂಟಕ್ಕೇ ಇಳಿಯಿತು ಎಂದು ಬಲ್ಲವಳು ನಾನೊಬ್ಬಳು. ಲಾಂಡ್ರಿಯವಳಿಗೂ, ಅವಳ ಗಂಡನಿಗೂ, ದರ್ಜಿಗೂ ಗೊತ್ತು. ಅವರ ಬಾಯಿಯನ್ನು ನಾನೇ ಮುಚ್ಚಿಸಿದ್ದೇನೆ.

ನಿನ್ನೆ ಮೇಷ್ಟ್ರು ಬಂದರು. ಒಳ್ಳೆಯ ಮನುಷ್ಯ, ಕನ್ನಡಕ ಒರೆಸಿಕೊಳ್ಳದೆ ಒಂದು ವಾಕ್ಯ ಮುಗಿಸುವುದಿಲ್ಲ. ಕಾರ್ಖಾನೆಯವನನ್ನು ಕಾಡಿ ಬೇಡಿ ಒಪ್ಪಿಸಿದ್ದಾರೆ. ಕೊಳವೆ ಸರಿಯಿದೆ, ಪಿನ್ನೊಂದನ್ನು ಸೋಮವಾರ ಎಂಟರಿಂದ ಐದರೊಳಗೆ ಹೊಸದಾಗಿ ಮಾಡಿಕೊಟ್ಟರೆ ಸಾಕು. "ಬಿಸಿಯಲ್ಲಿ ಅಳೆಯೋಳಲ್ಲ ನೀನು. ಹುಡುಗರು ಊಟಕ್ಕೆ ಓಡಿದ್ರೂ ತಣ್ಣಗಾಗಲಿ ಅಂತ ಕಾಯ್ತಾ ಕೂರ್ತಿದ್ದವಳು," ಅಂದರು.

"ಕಾದಿದ್ದೀನಿ ಅಂತಲೇ ನನಗೂ ಅನ್ಸೋದು ಸರ್," ಅಂದಳು ನಿಮ್ಮಮ್ಮ. "ತಪ್ಪು ಮಾಡ್ತಿದ್ದೀನಿ ಅಂತ ಗೊತ್ತಾದ್ರೆ ತಿದ್ಕೋಬಹುದು. ಕಾದೆ, ಮೂರು ಸಲ ಅಳೆದೆ, ನೂರಕ್ಕೆ ನೂರು ಸರಿ ಅನ್ನಿಸ್ತು. ಅದೇ ತಪ್ಪಾದ್ರೆ ಇನ್ನು ಯಾವುದನ್ನ ನಂಬ್ಲಿ? ನಾಳೆ ಯಾರದೋ ಆಸ್ಪತ್ರೆಯ ಪಂಪಿನೊಳಗೆ ನನ್ನ ಪಿನ್ನು ಕೂತಿರುತ್ತೆ. ನನ್ನ ಕೈ ನನಗೇ ಸುಳ್ಳು ಹೇಳುತ್ತೆ ಅಂತ ಗೊತ್ತಾದ್ಮೇಲೆ ಹೇಗೆ ಹೋಗ್ಲಿ?"

ಮೇಷ್ಟ್ರು ಕನ್ನಡಕ ಒರೆಸಿ ನನ್ನ ಕಡೆ ತಿರುಗಿದರು. "ಅಜ್ಜಿ, ಪಿನ್ನಿನ ಮೇಲೆ ಏನೋ ಗೀರುಗಳಿದ್ದ ಹಾಗಿತ್ತು. ಸರಿಯಾಗಿ ನೋಡೋಕೆ ಮುಂಚೆ ಇವಳು ಎಸೆದುಬಿಟ್ಟಳು. ಮನೇಲಿ ಅದನ್ನ ಯಾರಾದ್ರೂ ಬಿಚ್ಚಿದ್ರಾ?"

"ಬಿಚ್ಚೋಕೆ ನಮ್ಮನೇಲಿ ಯಾರಿದ್ದಾರೆ ಸ್ವಾಮಿ? ಇಲಿ ಬಿಚ್ಚಿರ್ಬೇಕು," ಅಂದೆ ನಾನು.

ಅವರು ನಕ್ಕರು. ನಾಲ್ಕು ದಿನದಿಂದ ನಗದಿದ್ದ ನಿಮ್ಮಮ್ಮನೂ ನಕ್ಕಳು. ನನ್ನ ನಾಲಿಗೆ ನನಗಿಂತ ಮೊದಲು ಬಾಗಿಲು ದಾಟಿರುತ್ತದೆ, ನಾನು ಹಿಂದಿನಿಂದ ಕುಂಟುತ್ತ ಹೋಗುವಷ್ಟರಲ್ಲಿ ಅದು ಕೆಲಸ ಕೆಡಿಸಿ ಬಂದಿರುತ್ತದೆ. ಮೇಷ್ಟ್ರು ಚಹಾ ಕುಡಿದು ಹೋದರು. ಮೆಟ್ಟಿಲಲ್ಲಿ ನಿಂತು ನನಗೊಬ್ಬಳಿಗೇ, "ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದ್ದೀನಿ ಅನ್ಕೊಳ್ತಾಳೆ. ಅವಳ ಕೈ ತಪ್ಪಿಲ್ಲ ಅಂತ ಯಾರಾದ್ರೂ ಒಂದು ಕಾರಣ ಕೊಡ್ಬೇಕು ಅಜ್ಜಿ," ಅಂದರು. ಕಾರಣ ಸೆರಗಿನಲ್ಲಿ ಕಟ್ಟಿಕೊಂಡು ನಿಂತಿದ್ದೆ ನಾನು.

ಹೇಳಲಿಲ್ಲ ಎಂದುಕೊಳ್ಳಬೇಡ. ಸಂಜೆ ಹೇಳಿದೆ. ತರಕಾರಿ ಹೆಚ್ಚುತ್ತ ಕೂತಿದ್ದಳು, ಎದುರಿಗೆ ಕೂತು ಎಲ್ಲ ಹೇಳಿದೆ. ಅವಳು ಚಾಕು ಕೆಳಗಿಟ್ಟು ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು. "ಅಮ್ಮ, ಹುಟ್ಟಿದಾಗಿಂದ ಒಂದ್ಸಲ ನಂದು ತಪ್ಪು ಅಂದಿದ್ದೀಯಾ ನೀನು? ಹಾಲು ಉಕ್ಕಿದ್ರೂ ಒಲೆಯನ್ನ ಬೈಯೋಳು. ಇವತ್ತು ನನಗೋಸ್ಕರ ಇಲ್ಲದ ತಪ್ಪು ತಲೆ ಮೇಲೆ ಹಾಕ್ಕೋತೀಯಲ್ಲ, ಅಷ್ಟೇ ಸಾಕು ಬಿಡು," ಅಂದಳು. ಎದ್ದು ಬಂದು ನನ್ನ ಮಂಡಿಗೆ ಎಣ್ಣೆ ಹಚ್ಚಿದಳು ಪಾಪಚ್ಚಿ. ನಾನು ಸರಿದುಕೊಂಡರೂ ಬಿಡದೆ ಹಚ್ಚಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಗುಳಕ್ಕೆ ಉತ್ತರ ನನ್ನ ಹತ್ತಿರ ಯಾವತ್ತೂ ಇರುತ್ತದೆ.

ಆದ್ದರಿಂದ ನೀನು ಹೇಳು. ನಿನ್ನ ಮಾತು ನಂಬುತ್ತಾಳೆ. ಈ ಕಾಗದ ಶನಿವಾರ ಮುಟ್ಟುತ್ತದೆ, ಮುಟ್ಟಿದ ಕೂಡಲೇ ಫೋನು ಮಾಡು. ಲಾಂಡ್ರಿ, ತುಕ್ಕು, ನಿಂಬೆ, ತಂತಿಯ ನಾರು, ಒಂದನ್ನೂ ಬಿಡಬೇಡ. ಅಜ್ಜಿ ತನ್ನ ಕೈಯಾರೆ ಬರೆದಿದ್ದಾಳೆ, ಬರಹದಲ್ಲಿದೆ ಅನ್ನು. ಸಿಟ್ಟಾದರೆ ಆಗಲಿ, ನನ್ನ ಕೈಯ ಕೂಳು ಉಣ್ಣುವುದಿಲ್ಲ ಅಂದರೆ ಅನ್ನಲಿ. ಸೋಮವಾರ ಎಂಟಕ್ಕೆ ಆ ಶೆಡ್ಡಿನ ಬಾಗಿಲಲ್ಲಿ ಇದ್ದರೆ ಸಾಕು.

ಒಳಗೆ ಹಳೆಯ ಹೊಲಿಗೆಯ ಕತ್ತರಿಯನ್ನು ಕಲ್ಲಿಗೆ ಉಜ್ಜಿ ಹರಿತ ಮಾಡುತ್ತಿದ್ದಾಳೆ, ಗುಂಡಿಯ ಕೆಲಸಕ್ಕೆ. ಆ ಸದ್ದು ನನ್ನ ಈ ಕಿವಿಗೂ ಕೇಳುತ್ತಿದೆ.

ನಿ‌ನ್ನ ಮೇಲೆ ಭಾರ ಹಾಕಿ ಕೂತ
ಅಜ್ಜಿ

ಮರೆತ ಮಾತು: ಇದನ್ನು ಶುಕ್ರವಾರ ಅಂಚೆ ಕಚೇರಿಯಲ್ಲಿ, ದಾರ ಕಟ್ಟಿದ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಮರೆತದ್ದಲ್ಲ, ಬಿಟ್ಟದ್ದು. ಎಲ್ಲ ಹೇಳಿದೆ ಎಂದು ಮೇಲೆ ಬರೆದೆನಲ್ಲ, ನಾನು ಅವಳಿಗೆ ಹೇಳಿದ್ದು ಇಷ್ಟೇ: "ಆ ಪಿನ್ನನ್ನ ನಾನೊಂದ್ಸಲ ಬಟ್ಟೇಲಿ ಒರೆಸಿದ್ದೆ ಕಣೇ, ಅದಕ್ಕೇ ಹೀಗಾಯ್ತೇನೋ." ಬಟ್ಟೆ ಉಕ್ಕನ್ನು ತಿನ್ನುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಅದಕ್ಕೇ ನಕ್ಕಳು. ಲಾಂಡ್ರಿಯ ಸುದ್ದಿ ಎತ್ತಲಿಲ್ಲ. ಉಜ್ಜಿದೆ ಅನ್ನುವುದು ಬಾಯಿಗೆ ಬರಲಿಲ್ಲ. ಈ ಅಂಚೆಯವನು ಲಕೋಟೆ ನೋಡಿ, "ಇವತ್ತಿನ ಚೀಲ ಹೊರಟಾಯ್ತು ಅಜ್ಜಿ, ಭಾನುವಾರ ಹಂಚೋದಿಲ್ಲ, ಮಂಗಳವಾರ ಮುಟ್ಟುತ್ತೆ. ಅರ್ಜೆಂಟ್ ಇದ್ರೆ ಬಾಯಲ್ಲೇ ಹೇಳ್ಬಿಡಿ," ಅನ್ನುತ್ತಿದ್ದಾನೆ. ವಾಪಸ್ ತಗೊಳ್ತೀರಾ ಅಂದ. ಬೇಡ, ಹೋಗಲಿ ಅಂದೆ. ಮನೆಗೆ ಹೋದ ಕೂಡಲೇ ಅವಳಿಗೆ ಹೇಳುತ್ತೇನೆ ಎಂದು ಇಲ್ಲಿ ಬರೆಯಬೇಕೆಂದು ಪೆನ್ನು ಹಿಡಿದೆ. ಬರೆಯುವುದಿಲ್ಲ. ಬರೆದರೆ ನೀನು ನಂಬಿಬಿಡುತ್ತೀಯ.